ಆಳಗಡಲ ಮೀನಿನ ಹಕ್ಕು ಯಾರ ಹೆಸರಿಗೆ? ಅಲಾಸ್ಕಾದ ಹ್ಯಾಲಿಬಟ್ ಹೇಳುವ ನೂರು ವರ್ಷಗಳ ಕಥೆ

ಕೇಂದ್ರ ಸರಕಾರವು ವಿಶೇಷ ಆರ್ಥಿಕ ವಲಯದ ಮೀನುಗಾರಿಕೆಗೆ ಸಂಬಂಧಿಸಿದ ಹೊಸ ನಿಯಮಗಳನ್ನು 2025ರ ನವೆಂಬರ್ 4ರಂದು ಪ್ರಕಟಿಸಿದೆ. ದಡದಿಂದ 12 ನಾಟಿಕಲ್ ಮೈಲುಗಳವರೆಗಿನ, ಎಂದರೆ ಸುಮಾರು 22 ಕಿಲೋಮೀಟರ್‌ವರೆಗಿನ ಕಡಲು ರಾಜ್ಯ ಸರಕಾರದ ಅಧೀನದಲ್ಲಿದೆ. ಅಲ್ಲಿಂದಾಚೆ 200 ನಾಟಿಕಲ್ ಮೈಲುಗಳವರೆಗಿನ ಮೀನುಗಾರಿಕೆಯ ಅಧಿಕಾರ ಕೇಂದ್ರದ್ದು. ಈ ಹೊರವಲಯದಲ್ಲಿ ಯಾರು, ಯಾವ ಬೋಟಿನಲ್ಲಿ, ಯಾವ ಸಾಧನದಿಂದ ಮೀನು ಹಿಡಿಯಬಹುದು ಎಂಬುದನ್ನು ಹೊಸ ನಿಯಮಗಳು ನಿರ್ಧರಿಸುತ್ತವೆ. ಯಾಂತ್ರೀಕೃತ ಬೋಟುಗಳು ಪ್ರವೇಶ ಪರವಾನಿಗೆ ಪಡೆಯಬೇಕು. ಸಾಂಪ್ರದಾಯಿಕ ಸಣ್ಣ ದೋಣಿಗಳಿಗೆ ಅದರಿಂದ ವಿನಾಯಿತಿಯಿದೆ. ಎಲ್‌ಇಡಿ ಬೆಳಕಿನ ಮೀನುಗಾರಿಕೆ, ಜೋಡಿ ಬೋಟುಗಳ ಟ್ರಾಲಿಂಗ್ ಹಾಗೂ ಬುಲ್ ಟ್ರಾಲಿಂಗ್ ನಿಷಿದ್ಧ. ಆಳಗಡಲ ಬೋಟುಗಳ ವಿಷಯದಲ್ಲಿ ಮೀನುಗಾರರ ಸಹಕಾರ ಸಂಘಗಳಿಗೆ ಮತ್ತು ಮೀನು ಉತ್ಪಾದಕರ ಸಂಸ್ಥೆಗಳಿಗೆ ಆದ್ಯತೆಯಿದೆ. ವಿದೇಶಿ ಹಡಗುಗಳಿಗೆ ಪ್ರವೇಶವಿಲ್ಲ.

ಕಾಗದದ ಮೇಲೆ ಇವೆಲ್ಲ ಸ್ವಾಗತಾರ್ಹವೇ. ಆದರೆ ಹೊಸ ವಲಯವೊಂದು ತೆರೆದುಕೊಂಡಾಗ ಅದರ ಹಕ್ಕು ಮೊದಲ ದಿನ ಯಾರ ಹೆಸರಿಗೆ ದಾಖಲಾಗುತ್ತದೆ ಎಂಬುದು ಮುಂದಿನ ಎರಡು ಮೂರು ತಲೆಮಾರುಗಳ ಬದುಕನ್ನು ನಿರ್ಧರಿಸುತ್ತದೆ. ನಮ್ಮ ಶಾಲೆಗಳಿಗೆ ಬರುವ ಮಕ್ಕಳಲ್ಲಿ ಕರಾವಳಿಯ ಮೊಗವೀರ ಮನೆಗಳ ಮಕ್ಕಳೂ ಬೋಟಿನಲ್ಲಿ ಕೂಲಿಗೆ ಹೋಗುವವರ ಮಕ್ಕಳೂ ಅನೇಕರಿದ್ದಾರೆ. ಅವರ ಪಾಲಿಗೆ ಇದು ದೂರದ ದಿಲ್ಲಿಯ ಸುದ್ದಿಯಲ್ಲ. ಆಳಗಡಲ ತಳದಲ್ಲಿ ಬದುಕುವ ಭಾರೀ ಗಾತ್ರದ ಮೀನೊಂದಕ್ಕಾಗಿ ನಿಯಮ ರೂಪಿಸಿ, ತಿದ್ದಿ, ಮತ್ತೆ ರೂಪಿಸಿದ ಅನುಭವ ಜಗತ್ತಿನಲ್ಲಿ ಒಂದೆಡೆ ಶತಮಾನಕ್ಕೂ ಮಿಕ್ಕಿ ಇದೆ. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ, ಮುಖ್ಯವಾಗಿ ಅಲಾಸ್ಕಾ ಮತ್ತು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ನಡೆಯುವ ಹ್ಯಾಲಿಬಟ್ ಬೇಟೆಯ ಆ ಕಥೆಯನ್ನು ನಾವು ಈಗ ಓದುವುದು ಉಚಿತ.

ನಂಗಿನ ಕುಲದ ದೈತ್ಯ

ನಮ್ಮ ಕಡಲತೀರದ ಪ್ರತಿಯೊಂದು ಅಡುಗೆಮನೆಗೂ ನಂಗ್ ಮೀನಿನ ಪರಿಚಯವಿದೆ. ಮಲಯಾಳದಲ್ಲಿ ಅದನ್ನು ಮಾಂದಳ್ ಎನ್ನುತ್ತಾರೆ. ಗೇಣುದ್ದದ, ಎಲೆಯಂತೆ ಚಪ್ಪಟೆಯಾದ, ಎರಡೂ ಕಣ್ಣುಗಳು ಒಂದೇ ಮಗ್ಗುಲಿನಲ್ಲಿರುವ ಮೀನು ಅದು. ಹ್ಯಾಲಿಬಟ್ ಅದೇ ಚಪ್ಪಟೆ ಮೀನುಗಳ ವರ್ಗಕ್ಕೆ ಸೇರಿದೆ. ಗಾತ್ರದಲ್ಲಿ ಮಾತ್ರ ಹೋಲಿಕೆಯೇ ಇಲ್ಲ. ಪೆಸಿಫಿಕ್ ಹ್ಯಾಲಿಬಟ್ ಎರಡೂವರೆ ಮೀಟರ್‌ವರೆಗೆ ಉದ್ದವಾಗಬಲ್ಲುದು, 200 ಕಿಲೋಗ್ರಾಂ ಮೀರಿ ತೂಗಬಲ್ಲುದು. 1996ರಲ್ಲಿ ಅಲಾಸ್ಕಾದ ಡಚ್ ಹಾರ್ಬರ್ ಸಮೀಪ ಗಾಳಕ್ಕೆ ಸಿಕ್ಕ ಒಂದು ಮೀನು 459 ಪೌಂಡ್, ಅಂದರೆ ಸುಮಾರು 208 ಕಿಲೋಗ್ರಾಂ ಇತ್ತು.

ಹುಟ್ಟುವಾಗ ಈ ಮೀನು ಉಳಿದ ಮೀನುಗಳಂತೆ ನೆಟ್ಟಗೆ ಈಜುತ್ತದೆ. ಎರಡು ಮಗ್ಗುಲುಗಳಲ್ಲಿ ಎರಡು ಕಣ್ಣುಗಳಿರುತ್ತವೆ. ಸುಮಾರು ಆರು ತಿಂಗಳಾಗುವಷ್ಟರಲ್ಲಿ ಎಡಗಣ್ಣು ನಿಧಾನವಾಗಿ ತಲೆಯ ಮೇಲಿನಿಂದ ಸರಿದು ಬಲಗಣ್ಣಿನ ಪಕ್ಕಕ್ಕೆ ಬರುತ್ತದೆ. ಅನಂತರ ಅದು ಕಡಲ ತಳಕ್ಕಿಳಿದು ಮರಳ ಮೇಲೆ ಮಲಗಿ ಬದುಕುತ್ತದೆ. ಮೇಲಿನ ಮಗ್ಗುಲು ಕೆಸರಿನ ಬಣ್ಣಕ್ಕೆ ತಿರುಗುತ್ತದೆ, ಕೆಳಗಿನದು ಬಿಳಿಯಾಗಿಯೇ ಉಳಿಯುತ್ತದೆ.

ಹೆಣ್ಣುಮೀನು ಗಂಡಿಗಿಂತ ಬಹಳ ದೊಡ್ಡದಾಗಿ ಬೆಳೆಯುತ್ತದೆ. ಗಾಳಕ್ಕೆ ಸಿಕ್ಕುವ ದೈತ್ಯಗಳು ಬಹುತೇಕ ಹೆಣ್ಣುಗಳೇ. ಅವು ಮೊಟ್ಟೆಯಿಡುವ ವಯಸ್ಸಿಗೆ ಬರಲು ಸುಮಾರು 12 ವರ್ಷ ಬೇಕು. ಗಾತ್ರ ಹೆಚ್ಚಿದಂತೆ ಮೊಟ್ಟೆಗಳ ಸಂಖ್ಯೆಯೂ ಹೆಚ್ಚಿ ದೊಡ್ಡ ಮೀನೊಂದು ಹಲವು ಲಕ್ಷ ಮೊಟ್ಟೆಗಳನ್ನಿಡುತ್ತದೆ. ಇಂತಹ ಮೀನು 55 ವರ್ಷ ಬದುಕಿದ ದಾಖಲೆಯಿದೆ. ಮೀನಿನ ಕಿವಿಯೊಳಗಿನ ಪುಟ್ಟ ಕಲ್ಲಿನಲ್ಲಿ, ಮರದ ಕಾಂಡದಲ್ಲಿರುವಂತೆ, ವರ್ಷಕ್ಕೊಂದು ಉಂಗುರ ಮೂಡುತ್ತದೆ; ಅದನ್ನು ಎಣಿಸಿ ವಯಸ್ಸು ತಿಳಿಯುತ್ತಾರೆ. ಬೂತಾಯಿ ಬೇಗನೆ ಬೆಳೆದು, ಬೇಗನೆ ಮರಿಮಾಡಿ, ಒಂದು ಕೆಟ್ಟ ವರ್ಷದ ನಷ್ಟವನ್ನು ಕೆಲವೇ ವರ್ಷಗಳಲ್ಲಿ ತುಂಬಿಕೊಡಬಲ್ಲುದು. ಹ್ಯಾಲಿಬಟ್‌ನಂತಹ ಮೀನಿನ ವಿಷಯದಲ್ಲಿ ಇಂದು ಮಾಡಿದ ಅತಿಯಾಸೆಯ ಫಲ ಒಂದು ತಲೆಮಾರಿನ ತನಕ ಕಾಡುತ್ತದೆ.

ಮರದ ಗಾಳದಿಂದ ರೈಲುಗಾಡಿಗೆ

ಆ ಕರಾವಳಿಯ ಮೂಲನಿವಾಸಿಗಳಾದ ಟ್ಲಿಂಗಿಟ್, ಹೈಡಾ, ಮಕಾ ಮೊದಲಾದ ಜನರು ಬಿಳಿಯರು ಬರುವ ಮುನ್ನವೇ ಹ್ಯಾಲಿಬಟ್ ಹಿಡಿಯುತ್ತಿದ್ದರು. ಮರವನ್ನು ಕೆತ್ತಿ ಮಾಡಿದ ಗಾಳ, ಕಡಲಪಾಚಿಯ ಉದ್ದನೆಯ ಕಾಂಡದಿಂದ ಮಾಡಿದ ಹಗ್ಗ, ಎರೆಯಾಗಿ ಆಕ್ಟೋಪಸ್‌ನ ತುಂಡು ಅವರ ಸಾಧನಗಳಾಗಿದ್ದವು. ಆ ಗಾಳದ ಬಾಯಿಯ ಅಗಲ ಎಷ್ಟಿತ್ತೆಂದರೆ, ತೀರಾ ಚಿಕ್ಕ ಮೀನಿಗೆ ಅದು ಹಿಡಿಸುತ್ತಿರಲಿಲ್ಲ, ತೀರಾ ದೊಡ್ಡ ಮೀನಿನ ಬಾಯಿ ಅದರೊಳಗೆ ಹೋಗುತ್ತಿರಲಿಲ್ಲ. ಮರಿಯೂ ತಾಯಿಮೀನೂ ಉಳಿದು, ನಡುಗಾತ್ರದ್ದು ದೋಣಿಗೆ ಬರುತ್ತಿತ್ತು. ಇಂದಿನ ಸರಕಾರಗಳು ಕಾನೂನಿನ ಮೂಲಕ ಸಾಧಿಸಲು ಹೆಣಗುವ ಗಾತ್ರದ ಮಿತಿಯನ್ನು ಅವರು ಉಪಕರಣದಲ್ಲಿಯೇ ಅಡಗಿಸಿದ್ದರು.

ವ್ಯಾಪಾರಿ ಬೇಟೆ ಆರಂಭವಾದುದು 1888ರಲ್ಲಿ. ಅಟ್ಲಾಂಟಿಕ್ ಕಡಲಿನ ಹ್ಯಾಲಿಬಟ್ ಅಷ್ಟರಲ್ಲಿ ಅತಿಬೇಟೆಯಿಂದ ವಿರಳವಾಗಿತ್ತು. ಪೆಸಿಫಿಕ್ ತೀರಕ್ಕೆ ರೈಲುಮಾರ್ಗ ಬಂದುದರಿಂದ ಮಂಜುಗಡ್ಡೆಯಲ್ಲಿ ಹುದುಗಿಸಿದ ಮೀನನ್ನು ಸಾವಿರಾರು ಕಿಲೋಮೀಟರ್ ದೂರದ ಪೂರ್ವದ ಪೇಟೆಗಳಿಗೆ ಸಾಗಿಸಲು ಸಾಧ್ಯವಾಯಿತು. ಪೂರ್ವದಿಂದ ಬಂದ ಹಡಗುಗಳು ಆರಂಭಿಸಿದ ಕೆಲಸವನ್ನು ಕಂಪೆನಿಗಳ ಉಗಿಹಡಗುಗಳು ವಿಸ್ತರಿಸಿದವು. ಒಂದು ತಾಣದಲ್ಲಿ ಮೀನು ಕಡಿಮೆಯಾದರೆ ಇನ್ನೂ ಉತ್ತರಕ್ಕೆ, ಇನ್ನೂ ಆಳಕ್ಕೆ ಹೋಗುವುದು ಅಂದಿನ ರೀತಿಯಾಗಿತ್ತು. 1910ರ ದಶಕ ಮುಗಿಯುವ ವೇಳೆಗೆ ಹಳೆಯ ತಾಣಗಳಲ್ಲಿ ಮೀನು ತೀರಾ ಕಡಿಮೆಯಾಗಿತ್ತು.

ಎರಡು ದೇಶ, ಒಂದು ಆಯೋಗ

ಹ್ಯಾಲಿಬಟ್ ಚಳಿಗಾಲದಲ್ಲಿ ಮೊಟ್ಟೆಯಿಡಲು ಖಂಡದಂಚಿನ ಆಳಕ್ಕೆ, 200ರಿಂದ 500 ಮೀಟರ್‌ಗಳಷ್ಟು ಕೆಳಕ್ಕೆ ಇಳಿಯುತ್ತದೆ; ಬೇಸಗೆಯಲ್ಲಿ ಮೇಯಲು ತೀರದ ಕಡೆಗೆ ಬರುತ್ತದೆ. ಈ ಓಡಾಟದಲ್ಲಿ ಅದು ಅಮೆರಿಕದ ಕಡಲನ್ನೂ ಕೆನಡಾದ ಕಡಲನ್ನೂ ದಾಟುತ್ತದೆ. ಒಂದು ದೇಶ ಮಾತ್ರ ಬೇಟೆ ನಿಲ್ಲಿಸಿದರೆ ಉಳಿದ ಮೀನು ಇನ್ನೊಂದು ದೇಶದ ಹಡಗಿಗೆ ಹೋಗುತ್ತದೆ. ಆದುದರಿಂದ 1923ರ ಮಾರ್ಚ್ 2ರಂದು ಎರಡೂ ದೇಶಗಳು ಒಪ್ಪಂದಕ್ಕೆ ಸಹಿ ಹಾಕಿದವು. ಚಳಿಗಾಲದ ಮೂರು ತಿಂಗಳು ಬೇಟೆಯನ್ನು ನಿಲ್ಲಿಸಿ, ಮೀನಿನ ಅಧ್ಯಯನಕ್ಕೆ ಜಂಟಿ ಆಯೋಗವನ್ನು ನೇಮಿಸಿದವು. ಅದೇ ಇಂದಿನ ಅಂತಾರಾಷ್ಟ್ರೀಯ ಪೆಸಿಫಿಕ್ ಹ್ಯಾಲಿಬಟ್ ಆಯೋಗ. ಸಿಯಾಟಲ್ ನಗರದಲ್ಲಿ ಅದರ ಕಚೇರಿಯಿದೆ.

ಚರಿತ್ರೆಯ ವಿದ್ಯಾರ್ಥಿಗಳಿಗೆ ಈ ಒಪ್ಪಂದ ಇನ್ನೊಂದು ಕಾರಣಕ್ಕೂ ಮುಖ್ಯವಾದುದು. ಅಲ್ಲಿಯವರೆಗೆ ಕೆನಡಾದ ಒಪ್ಪಂದಗಳಿಗೆ ಬ್ರಿಟನ್ನಿನ ಪ್ರತಿನಿಧಿಯೂ ಸಹಿ ಹಾಕಬೇಕಾಗಿತ್ತು. ಪ್ರಧಾನಿ ಮೆಕೆಂಜಿ ಕಿಂಗ್ ಅದಕ್ಕೆ ಒಪ್ಪದೆ, ತಮ್ಮ ಸಚಿವ ಅರ್ನೆಸ್ಟ್ ಲಾಪಾಂಟ್ ಒಬ್ಬರೇ ಸಹಿ ಹಾಕುವರೆಂದು ಪಟ್ಟು ಹಿಡಿದರು. ಕೆನಡಾ ಸ್ವತಂತ್ರವಾಗಿ ಸಹಿ ಹಾಕಿದ ಮೊದಲ ಒಪ್ಪಂದ ಒಂದು ಮೀನಿಗಾಗಿ ಆದುದು.

ಆಯೋಗದಲ್ಲಿ ಈಗ ಎರಡು ದೇಶಗಳಿಂದ ತಲಾ ಮೂವರು ಸದಸ್ಯರಿದ್ದಾರೆ. ಪ್ರತಿ ಬೇಸಗೆಯಲ್ಲಿ ಕಡಲಿನ ನಿಗದಿತ ಸ್ಥಳಗಳಲ್ಲಿ ಗಾಳವಿಟ್ಟು ಸಮೀಕ್ಷೆ ನಡೆಯುತ್ತದೆ. ಜನವರಿ ಸುಮಾರಿಗೆ ನಡೆಯುವ ವಾರ್ಷಿಕ ಸಭೆಯಲ್ಲಿ ವಿಜ್ಞಾನಿಗಳ ವರದಿಯನ್ನು ಮೀನುಗಾರರ ಎದುರಿನಲ್ಲಿಯೇ ಮಂಡಿಸಿ, ಆ ವರ್ಷ ಎಷ್ಟು ಹಿಡಿಯಬಹುದೆಂದು ತೀರ್ಮಾನಿಸುತ್ತಾರೆ. ವ್ಯಾಪಾರಿ ಬೇಟೆಯಲ್ಲಿ 32 ಇಂಚಿಗಿಂತ ಚಿಕ್ಕ ಮೀನನ್ನು ಇಟ್ಟುಕೊಳ್ಳುವಂತಿಲ್ಲ. ಟ್ರಾಲ್ ಬಲೆಯಲ್ಲಿ ಸಿಕ್ಕ ಹ್ಯಾಲಿಬಟ್ ಅನ್ನು ಮಾರುವುದಕ್ಕೆ 1944ರಿಂದಲೇ ನಿಷೇಧವಿದೆ.

ಇಪ್ಪತ್ತನಾಲ್ಕು ಗಂಟೆಗಳ ಓಟ

ಒಟ್ಟು ಎಷ್ಟು ಹಿಡಿಯಬಹುದೆಂಬುದು ನಿಗದಿಯಾಯಿತು. ಯಾರು ಎಷ್ಟು ಹಿಡಿಯಬಹುದೆಂಬುದು ಮಾತ್ರ ನಿಗದಿಯಾಗಲಿಲ್ಲ. ಮಿತಿ ತಲುಪಿದ ಕೂಡಲೇ ಋತು ಮುಗಿಯುತ್ತದೆ ಎಂದಾದ ಮೇಲೆ, ಮೊದಲು ಓಡಿದವನಿಗೆ ಹೆಚ್ಚು ಮೀನು. ಬೋಟುಗಳ ಸಂಖ್ಯೆ ಏರುತ್ತ ಹೋಯಿತು, ಋತು ಕುಗ್ಗುತ್ತ ಬಂತು. 1970ರ ದಶಕದ ಆರಂಭದಲ್ಲಿ ತಿಂಗಳುಗಟ್ಟಲೆ ನಡೆಯುತ್ತಿದ್ದ ಬೇಟೆ 1990ರ ದಶಕದ ಆರಂಭಕ್ಕೆ ಅಲಾಸ್ಕಾದ ಮುಖ್ಯ ವಲಯಗಳಲ್ಲಿ ವರ್ಷಕ್ಕೆ ಒಂದೆರಡು ದಿನಗಳಿಗೆ ಇಳಿಯಿತು. ಒಂದೊಂದು ಸರದಿಗೆ ಕೇವಲ 24 ಗಂಟೆಗಳ ಅವಕಾಶ.

ಅದರ ಪರಿಣಾಮವನ್ನು ಅರಿಯಲು ಈ ಬೇಟೆಯ ಕ್ರಮವನ್ನು ತಿಳಿಯಬೇಕು. ಕಡಲ ತಳದಲ್ಲಿ ನೂರಾರು ಮೀಟರ್ ಉದ್ದದ ಹಗ್ಗವನ್ನು ಹಾಸುತ್ತಾರೆ. ಎರಡು ತುದಿಗಳಲ್ಲಿ ಲಂಗರು, ಮೇಲೆ ತೇಲುವ ಗುರುತುಬುರುಡೆ, ಹಗ್ಗದುದ್ದಕ್ಕೂ ಎರೆ ಸಿಕ್ಕಿಸಿದ ಗಾಳಗಳು. ಕೆಲವು ಗಂಟೆಗಳ ಬಳಿಕ ಯಂತ್ರದಿಂದ ಎಳೆಯುತ್ತಾರೆ. ಮೇಲೆ ಬಂದ ಹ್ಯಾಲಿಬಟ್ ಇಡೀ ದೇಹವೇ ಒಂದು ಸ್ನಾಯುವೆಂಬಂತೆ ಬಡಿದುಕೊಳ್ಳುತ್ತದೆ. ನೂರು ಕಿಲೋ ತೂಕದ ಮೀನಿನ ಒಂದು ಹೊಡೆತಕ್ಕೆ ಮನುಷ್ಯನ ಕಾಲು ಮುರಿಯಬಹುದು. ಪ್ರವಾಸಿಗಳನ್ನು ಕರೆದೊಯ್ಯುವ ಬೋಟುಗಳಲ್ಲಿ ದೊಡ್ಡ ಮೀನನ್ನು ಭರ್ಜಿಯಿಂದ ಚುಚ್ಚಿಯೋ ಗುಂಡು ಹಾರಿಸಿಯೋ ಕೊಂದ ಬಳಿಕವೇ ಒಳಗೆ ಎಳೆಯುವುದುಂಟು.

ಇಂತಹ ಕೆಲಸವನ್ನು ನಿದ್ದೆಯಿಲ್ಲದೆ, ನಿಗದಿತ ದಿನ ಬಿರುಗಾಳಿಯಿದ್ದರೂ ಬಿಡದೆ, ಮಿತಿಮೀರಿದ ಭಾರ ಹೊತ್ತ ಬೋಟಿನಲ್ಲಿ ಮಾಡಿದರೆ ಏನಾದೀತು? ಬೋಟುಗಳು ಮುಳುಗಿದವು, ಜನ ಸತ್ತರು. ಸಮಯವಿಲ್ಲದೆ ಬಿಟ್ಟುಬಂದ ಗಾಳದ ಹಗ್ಗಗಳು ಕಡಲ ತಳದಲ್ಲಿ ಮೀನನ್ನು ಕೊಲ್ಲುತ್ತಲೇ ಇದ್ದವು. ಎಲ್ಲರ ಮೀನೂ ಒಂದೇ ದಿನ ದಕ್ಕೆಗೆ ಬಂದುದರಿಂದ ಬೆಲೆ ಕುಸಿಯಿತು. ತಾಜಾ ಮಾರಬೇಕಾದುದನ್ನು ಹೆಪ್ಪುಗಟ್ಟಿಸಿ ಇಡಬೇಕಾಯಿತು. ಟ್ರಾಲಿಂಗ್ ನಿಷೇಧ ಮುಗಿದ ಮರುದಿನ ನಮ್ಮ ಬಂದರುಗಳಲ್ಲಿ ಕಾಣುವ ನೂಕುನುಗ್ಗಲನ್ನು ಇಡೀ ವರ್ಷದ ದುಡಿಮೆಗೆ ಅನ್ವಯಿಸಿ ನೋಡಿದರೆ ಆ ಸ್ಥಿತಿ ಅರ್ಥವಾದೀತು.

ಪಾಲು ಬರೆದ ದಿನ

ಪರಿಹಾರವಾಗಿ ಬಂದುದು ಪಾಲಿನ ಪದ್ಧತಿ. ಬ್ರಿಟಿಷ್ ಕೊಲಂಬಿಯಾದಲ್ಲಿ 1991ರಲ್ಲಿ, ಅಲಾಸ್ಕಾದಲ್ಲಿ 1995ರಲ್ಲಿ ಅದು ಜಾರಿಗೆ ಬಂತು. ಒಟ್ಟು ಮಿತಿಯಲ್ಲಿ ಇಂತಿಷ್ಟು ಶೇಕಡಾ ಇಂಥವರಿಗೆ ಎಂದು ಬರೆದುಕೊಡಲಾಯಿತು. ತನ್ನ ಪಾಲು ಭದ್ರವಾದ ಮೇಲೆ ಓಡುವ ಅಗತ್ಯ ಉಳಿಯಲಿಲ್ಲ. ಋತು ಸುಮಾರು ಎಂಟು ತಿಂಗಳಿಗೆ ವಿಸ್ತರಿಸಿತು. ಹವೆ ನೋಡಿ ಕಡಲಿಗಿಳಿಯಬಹುದಾಯಿತು, ತಾಜಾ ಮೀನಿಗೆ ಒಳ್ಳೆಯ ಬೆಲೆ ಬಂತು, ಜೀವಹಾನಿ ತಗ್ಗಿತು. ಇಷ್ಟರ ಮಟ್ಟಿಗೆ ಇದು ನಿಜವಾದ ಯಶಸ್ಸು. ಮೀನುಗಾರಿಕೆಯ ಪಠ್ಯಗಳಲ್ಲಿ ಮಾದರಿಯೆಂದು ಉಲ್ಲೇಖಗೊಳ್ಳುವುದೂ ಅದಕ್ಕಾಗಿಯೇ.

ಕಥೆಯ ಉಳಿದರ್ಧವನ್ನು ಕೂಲಿಗಾರನ ಕಡೆಯಿಂದ ನೋಡಬೇಕು. ಅಲಾಸ್ಕಾದಲ್ಲಿ ಪಾಲು ದೊರೆತುದು ಯಾರಿಗೆ? 1988ರಿಂದ 1990ರ ನಡುವೆ ಮೀನು ತಂದ ಬೋಟುಗಳ ಮಾಲಕರಿಗೆ ಮತ್ತು ಬೋಟು ಬಾಡಿಗೆಗೆ ಪಡೆದವರಿಗೆ. ಅವರ ಹಿಂದಿನ ವರ್ಷಗಳ ಲೆಕ್ಕ ನೋಡಿ ಪಾಲಿನ ಗಾತ್ರ ನಿರ್ಧಾರವಾಯಿತು. ಅದೇ ಬೋಟಿನಲ್ಲಿ ಗಾಳಕ್ಕೆ ಎರೆ ಸಿಕ್ಕಿಸಿದ, ಹಗ್ಗ ಎಳೆದ, ಪ್ರಾಣ ಪಣಕ್ಕಿಟ್ಟ ಕೆಲಸಗಾರನಿಗೆ ಏನೂ ದೊರೆಯಲಿಲ್ಲ. ಆ ಕೆಲವು ವರ್ಷಗಳಲ್ಲಿ ಕಾರಣಾಂತರದಿಂದ ಕಡಲಿಗೆ ಹೋಗದಿದ್ದವರಿಗೂ ಬಾಗಿಲು ಮುಚ್ಚಿತು. ಉಚಿತವಾಗಿ ಕೊಟ್ಟ ಪಾಲು ಮಾರಾಟದ ವಸ್ತುವಾಯಿತು. ಮುಂದಿನ ತಲೆಮಾರಿನ ಹುಡುಗನೊಬ್ಬ ತನ್ನ ಊರಿನ ಮುಂದಿನ ಕಡಲಲ್ಲಿ ಹ್ಯಾಲಿಬಟ್ ಹಿಡಿದು ಮಾರಬೇಕಾದರೆ ಮೊದಲು ಸಾಲ ಮಾಡಿ ಪಾಲು ಕೊಳ್ಳಬೇಕು. ಕೆಲವು ಮಿತಿಗಳನ್ನು ಹಾಕಿದ್ದರೂ ಪಾಲುದಾರರ ಸಂಖ್ಯೆ ಕಾಲಕ್ರಮದಲ್ಲಿ ಸುಮಾರು ಅರ್ಧಕ್ಕಿಳಿಯಿತು. ಅಲಾಸ್ಕಾ ಕೊಲ್ಲಿಯ ಸಣ್ಣ ಹಳ್ಳಿಗಳಿಂದ, ಅದರಲ್ಲೂ ಮೂಲನಿವಾಸಿಗಳ ಹಳ್ಳಿಗಳಿಂದ, ಹಕ್ಕು ಪಟ್ಟಣಗಳ ಕಡೆಗೆ ಹರಿದುಹೋಯಿತು. ಒಂದು ಕಷ್ಟದ ವರ್ಷದಲ್ಲಿ ಪಾಲು ಮಾರಿದ ಮನೆಗೆ ಅದು ಮರಳಿ ಬರಲಿಲ್ಲ.

ಬ್ರಿಟಿಷ್ ಕೊಲಂಬಿಯಾದಲ್ಲಿ ಇನ್ನೊಂದು ರೋಗ ಬೆಳೆಯಿತು. ಪಾಲು ಹೊಂದಿದವರು ದಡದಲ್ಲಿಯೇ ಉಳಿದು ಅದನ್ನು ಇತರರಿಗೆ ಗೇಣಿಗೆ ಕೊಡತೊಡಗಿದರು. ಹಿಡಿದು ತಂದ ಮೀನಿನ ಬೆಲೆಯ ಅರ್ಧಕ್ಕಿಂತ ಹೆಚ್ಚು ಭಾಗ ಗೇಣಿಗೆ ಹೋಗುವ ಸ್ಥಿತಿ ಬಂತು. ಗೇಣಿ ಎಂಬ ಪದದ ಭಾರ ನಮ್ಮ ಹಿರಿಯರಿಗೆ ವಿವರಿಸಬೇಕಾಗಿಲ್ಲ. 1970ರಲ್ಲಿ ಕೇರಳವೂ 1974ರಲ್ಲಿ ಕರ್ನಾಟಕವೂ ಉಳುವವನಿಗೆ ಭೂಮಿ ಕೊಡಿಸಿ ಗೇಣಿಯನ್ನು ಕೊನೆಗಾಣಿಸಿದುದನ್ನು ಕಂಡ ಮನೆಗಳು ನಮ್ಮಲ್ಲಿ ಸಾಕಷ್ಟಿವೆ. ನೆಲದ ಮೇಲೆ ಅಳಿದ ವ್ಯವಸ್ಥೆ ಆ ದೂರದ ತೀರದಲ್ಲಿ ಕಡಲ ಮೇಲೆ ಹೊಸದಾಗಿ ಹುಟ್ಟಿತು.

ತಪ್ಪನ್ನು ತಿದ್ದುವ ಯತ್ನಗಳೂ ನಡೆದವು. ಬೇರಿಂಗ್ ಸಮುದ್ರದ ತೀರದ 65 ಹಳ್ಳಿಗಳಿಗೆ ಒಟ್ಟು ಮಿತಿಯ ಒಂದು ಭಾಗವನ್ನು ಆರಂಭದಲ್ಲಿಯೇ ಸಾಮೂಹಿಕ ಹಕ್ಕಾಗಿ ತೆಗೆದಿಡಲಾಗಿತ್ತು. ಆ ಪಾಲು ಇಂದಿಗೂ ಅವರ ಕೈಯಲ್ಲಿದೆ. ಅಲಾಸ್ಕಾ ಕೊಲ್ಲಿಯ ಹಳ್ಳಿಗಳಿಗೆ ಅಂತಹ ವ್ಯವಸ್ಥೆ ಇರಲಿಲ್ಲ. 2004ರಲ್ಲಿ ಅವುಗಳಿಗೂ ಸಾಮೂಹಿಕವಾಗಿ ಪಾಲು ಕೊಳ್ಳುವ ಅವಕಾಶ ದೊರೆಯಿತಾದರೂ ಅಷ್ಟರಲ್ಲಿ ಬೆಲೆ ಏರಿಬಿಟ್ಟಿತ್ತು. ಕೊಳ್ಳಲು ಸಾಧ್ಯವಾದ ಹಳ್ಳಿಗಳು ಕೆಲವೇ. ಮೊದಲ ದಿನ ಹಳ್ಳಿಯ ಹೆಸರು ಬರೆದಲ್ಲಿ ಹಕ್ಕು ಉಳಿದಿದೆ, ಹತ್ತು ವರ್ಷ ಕಳೆದು ನೆನಪಾದಲ್ಲಿ ಉಳಿದಿಲ್ಲ. ಈ ಇಡೀ ಚರಿತ್ರೆಯಲ್ಲಿ ನಾವು ಗಮನಿಸಬೇಕಾದ ಮುಖ್ಯಾಂಶ ಇದೇ.

ಬಲೆಗೆ ಬಿದ್ದು ವ್ಯರ್ಥವಾಗುವ ಮೀನು

ಗಾಳದವರ ಪಾಲು ಹೀಗಿರಲು, ಟ್ರಾಲ್ ಬೋಟುಗಳ ಪ್ರಶ್ನೆ ಬೇರೆಯೇ ಇದೆ. ಬೇರಿಂಗ್ ಸಮುದ್ರದಲ್ಲಿ ದೊಡ್ಡ ಕಾರ್ಖಾನೆ ಹಡಗುಗಳು ತಳವನ್ನು ಸವರುವ ಬಲೆಗಳಿಂದ ಇತರ ಚಪ್ಪಟೆ ಮೀನುಗಳನ್ನು ಹಿಡಿಯುತ್ತವೆ. ಅದರೊಂದಿಗೆ ಹ್ಯಾಲಿಬಟ್‌ನ ಮರಿಗಳೂ ಬಲೆಗೆ ಬೀಳುತ್ತವೆ. ಅವುಗಳನ್ನು ಇಟ್ಟುಕೊಳ್ಳುವಂತಿಲ್ಲವಾದುದರಿಂದ ಕಡಲಿಗೆ ಎಸೆಯಬೇಕು. ಎಸೆದವುಗಳಲ್ಲಿ ಹೆಚ್ಚಿನವು ಬದುಕುವುದಿಲ್ಲ. ಕೆಲವು ವರ್ಷಗಳಲ್ಲಿ ಆ ಸಮುದ್ರದಲ್ಲಿ ಹೀಗೆ ಸತ್ತ ಹ್ಯಾಲಿಬಟ್‌ನ ಪ್ರಮಾಣ, ಗಾಳದವರು ಹಿಡಿದು ಮಾರಿದುದಕ್ಕಿಂತ ಅಧಿಕವಾಗಿತ್ತು. ಸೇಂಟ್ ಪಾಲ್‌ನಂತಹ ದ್ವೀಪದ ಮೂಲನಿವಾಸಿ ಮೀನುಗಾರರ ಪಾಲು ಮಾತ್ರ ಪ್ರತಿ ವರ್ಷ ಕಡಿತವಾಗುತ್ತಿತ್ತು. ಮೀನು ಕಡಿಮೆಯಾದ ವರ್ಷ ಟ್ರಾಲ್ ಹಡಗುಗಳ ಮಿತಿಯೂ ಕಡಿಮೆಯಾಗಬೇಕೆಂಬ ಸರಳ ನ್ಯಾಯಕ್ಕಾಗಿ ಅವರು ಹಲವು ವರ್ಷ ಹೋರಾಡಿದರು. ಅದಕ್ಕೆ ಮಂಡಳಿಯ ಒಪ್ಪಿಗೆ ದೊರೆತುದು 2021ರ ಡಿಸೆಂಬರ್‌ನಲ್ಲಿ. ಜಾರಿಗೆ ಬಂದುದು 2024ರಲ್ಲಿ.

ಪ್ರವಾಸಿ ಬೋಟುಗಳದ್ದು ಮೂರನೆಯ ಪಾಲು. ಹೋಮರ್ ಎಂಬ ಊರು ತನ್ನನ್ನು ಜಗತ್ತಿನ ಹ್ಯಾಲಿಬಟ್ ಬೇಟೆಯ ರಾಜಧಾನಿ ಎಂದೇ ಕರೆದುಕೊಳ್ಳುತ್ತದೆ. ಹಣ ಕೊಟ್ಟು ದಿನದ ಮಟ್ಟಿಗೆ ಗಾಳ ಹಾಕಲು ಬರುವವರಿಂದ ಅಲ್ಲಿನ ಅನೇಕ ಕುಟುಂಬಗಳು ಬದುಕುತ್ತವೆ. 2014ರಿಂದ ವ್ಯಾಪಾರಿ ಬೇಟೆಯೂ ಪ್ರವಾಸಿ ಬೇಟೆಯೂ ಒಂದೇ ಮಿತಿಯನ್ನು ಹಂಚಿಕೊಳ್ಳಬೇಕು. ಮೀನು ಕಡಿಮೆಯಾದಂತೆ ಪ್ರವಾಸಿಗಳಿಗೂ ವಾರದಲ್ಲಿ ಇಂಥ ದಿನ ಬೇಟೆಯಿಲ್ಲ, ಇಂಥ ಗಾತ್ರದ ಮೀನು ಇಟ್ಟುಕೊಳ್ಳುವಂತಿಲ್ಲ ಎಂಬ ನಿರ್ಬಂಧಗಳು ಬಿಗಿಯಾಗುತ್ತಿವೆ.

ಇಂದಿನ ಸ್ಥಿತಿ

2023ರಲ್ಲಿ ಆಯೋಗಕ್ಕೆ ನೂರು ತುಂಬಿತು. ಸಂಭ್ರಮದ ಜೊತೆಗೆ ಆತಂಕವೂ ಇತ್ತು. 2025ರ ಜನವರಿಯ ಸಭೆಯಲ್ಲಿ ಒಟ್ಟು ಮಿತಿಯನ್ನು 3.528 ಕೋಟಿ ಪೌಂಡ್‌ಗಳಿಂದ 2.972 ಕೋಟಿ ಪೌಂಡ್‌ಗಳಿಗೆ, ಎಂದರೆ ಸುಮಾರು 16,000 ಟನ್‌ಗಳಿಂದ 13,500 ಟನ್‌ಗಳಿಗೆ ಇಳಿಸಲಾಯಿತು. ಒಂದೇ ವರ್ಷದಲ್ಲಿ ಶೇಕಡಾ 15ಕ್ಕೂ ಮೀರಿದ ಕಡಿತ ಇದು. ಮೊಟ್ಟೆಯಿಡುವ ಹೆಣ್ಣುಮೀನುಗಳ ಒಟ್ಟು ತೂಕ ಹಲವು ದಶಕಗಳಲ್ಲಿಯೇ ಕೆಳಮಟ್ಟದಲ್ಲಿದೆ. ಮೀನು ಬೆಳೆಯುವ ವೇಗವೂ ತಗ್ಗಿದೆ: 20 ವರ್ಷದ ಹೆಣ್ಣು ಹ್ಯಾಲಿಬಟ್ 1980ರ ದಶಕದಲ್ಲಿ ತೂಗುತ್ತಿದ್ದುದರ ಅರ್ಧದಷ್ಟೂ ಈಚಿನ ವರ್ಷಗಳಲ್ಲಿ ತೂಗುತ್ತಿಲ್ಲ. ಕಡಲಿನ ಬದಲಾಗುತ್ತಿರುವ ಸ್ಥಿತಿ, ಆಹಾರಕ್ಕಾಗಿ ಇತರ ಮೀನುಗಳೊಂದಿಗಿನ ಪೈಪೋಟಿ, ವೇಗವಾಗಿ ಬೆಳೆಯುವ ದೊಡ್ಡ ಮೀನುಗಳನ್ನೇ ಹೆಕ್ಕಿ ಹಿಡಿದುದು ಎಂಬ ಕಾರಣಗಳು ಚರ್ಚೆಯಲ್ಲಿವೆ.

ಇಷ್ಟೊಂದು ಶಿಸ್ತಿನ ವ್ಯವಸ್ಥೆಯಿದ್ದೂ ಮೀನು ಕಡಿಮೆಯಾಯಿತಲ್ಲ, ಆಯೋಗದಿಂದ ಏನು ಪ್ರಯೋಜನ ಎಂದು ಕೇಳಬಹುದು. ಅಟ್ಲಾಂಟಿಕ್‌ನ ಅಮೆರಿಕನ್ ತೀರದಲ್ಲಿ ಇದರ ಸೋದರ ಜಾತಿಯ ಗತಿ ನೋಡಿದರೆ ಉತ್ತರ ದೊರೆಯುತ್ತದೆ. ನಿಯಮವಿಲ್ಲದ ಬೇಟೆಯಿಂದ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಕುಸಿದ ಆ ಮೀನು ಅಲ್ಲಿ ಇಂದಿಗೂ ಹಿಂದಿನ ಸ್ಥಿತಿಗೆ ಬಂದಿಲ್ಲ. ಪೆಸಿಫಿಕ್‌ನಲ್ಲಿ ಇಳಿತವನ್ನು ಪ್ರತಿ ವರ್ಷ ಅಳೆಯುತ್ತಾರೆ, ಅಳೆದುದನ್ನು ಬಹಿರಂಗವಾಗಿ ಹೇಳುತ್ತಾರೆ, ಹೇಳಿದ ಮೇಲೆ ಬೇಟೆಯನ್ನು ಕಡಿಮೆ ಮಾಡುತ್ತಾರೆ. ನೂರಮೂವತ್ತು ವರ್ಷಗಳ ಬೇಟೆಯ ಬಳಿಕವೂ ಹಿಡಿಯಲು ಮೀನು ಉಳಿದಿರುವುದಕ್ಕೆ ಆ ಅಭ್ಯಾಸವೇ ಕಾರಣ.

ನಮ್ಮ ಕಡಲಿಗೆ ಬಂದರೆ

ಅರಬ್ಬೀ ಸಮುದ್ರದಲ್ಲಿ ಹ್ಯಾಲಿಬಟ್‌ನ ಈ ದೈತ್ಯ ಜಾತಿಯಿಲ್ಲ. ಆದರೆ ತಳದಲ್ಲಿ ಬದುಕಿ ನಿಧಾನವಾಗಿ ಬೆಳೆಯುವ ದೊಡ್ಡ ಮೀನುಗಳು ನಮ್ಮಲ್ಲಿಯೂ ಇವೆ. ಮುರು ಎಂದೂ ಮಲಯಾಳದಲ್ಲಿ ಕಲವ ಎಂದೂ ಕರೆಯುವ ಬಂಡೆಮೀನುಗಳು ಕೇರಳದಾಚೆಯ ಕಡಲಿನ ಕಲ್ಲುತಳದಲ್ಲಿ ಗಾಳಕ್ಕೆ ಸಿಗುತ್ತವೆ. ಇವುಗಳಲ್ಲಿ ಹೆಚ್ಚಿನವು ಹೆಣ್ಣಾಗಿ ಬೆಳೆದು ವಯಸ್ಸಾದ ಮೇಲೆ ಗಂಡಾಗುತ್ತವೆ. ದೊಡ್ಡದನ್ನೇ ಹಿಡಿಯುತ್ತ ಹೋದರೆ ಗಂಡುಮೀನುಗಳೇ ಇಲ್ಲವಾಗುತ್ತವೆ. ಇದೇ ಕುಲದ ದೈತ್ಯ ಮುರು ಎರಡೂವರೆ ಮೀಟರ್ ಉದ್ದ ಬೆಳೆಯಬಲ್ಲ ಮೀನು. ಅದನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪಟ್ಟಿಗೆ ಸೇರಿಸಲಾಯಿತು. ಆಳಗಡಲನ್ನು ಆತುರದಿಂದ ಬಾಚಿದರೆ ಏನಾಗುತ್ತದೆಂಬುದಕ್ಕೆ ಮಾಲ್ದೀವ್ಸ್ ಸಾಕ್ಷಿ. ಅಲ್ಲಿ ಯಕೃತ್ತಿನ ಎಣ್ಣೆಗಾಗಿ 1980ರ ದಶಕದಲ್ಲಿ ಹೆಚ್ಚಿದ ಆಳಗಡಲ ಶಾರ್ಕ್ ಬೇಟೆ ಬೇಗನೆ ಕುಸಿಯಿತು. 2010ರಲ್ಲಿ ಶಾರ್ಕ್ ಬೇಟೆಯನ್ನೇ ಆ ದೇಶ ನಿಷೇಧಿಸಬೇಕಾಯಿತು.

ಗಡಿಯ ಪ್ರಶ್ನೆಯೂ ನಮ್ಮದೇ. ಕರ್ನಾಟಕದಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ನಿಷೇಧ. ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಜೂನ್ 9ರ ಮಧ್ಯರಾತ್ರಿಯಿಂದ 52 ದಿನ. ತಲಪಾಡಿಯ ಆಚೆಗೊಂದು ಲೆಕ್ಕ, ಈಚೆಗೊಂದು ಲೆಕ್ಕ. ಕಡಲಲ್ಲಿ ಈಜುವ ಮೀನಿಗೆ ತಲಪಾಡಿಯ ಗಡಿ ತಿಳಿಯದು. ಎರಡು ಬೇರೆ ಬೇರೆ ದೇಶಗಳು ಒಂದು ಮೀನಿಗಾಗಿ ನೂರು ವರ್ಷ ಒಂದೇ ಮೇಜಿನ ಸುತ್ತ ಕುಳಿತಿರುವಾಗ, ಒಂದೇ ದೇಶದ ಎರಡು ನೆರೆ ರಾಜ್ಯಗಳ ಮೀನುಗಾರಿಕಾ ಇಲಾಖೆಗಳು ಒಂದು ಜಂಟಿ ಸಮಿತಿಯಲ್ಲಿ ಕುಳಿತು ದಿನಾಂಕಗಳನ್ನು ಹೊಂದಿಸುವುದು ಅಸಾಧ್ಯವೇನೂ ಅಲ್ಲ.

ಹೊಸ ಕೇಂದ್ರ ನಿಯಮಗಳ ಅಡಿಯಲ್ಲಿ ಮೀನುಗಾರಿಕಾ ನಿರ್ವಹಣಾ ಯೋಜನೆಗಳನ್ನು ರೂಪಿಸುವಾಗ ರಾಜ್ಯ ಸರಕಾರಗಳೂ ಸೇರಿದಂತೆ ಸಂಬಂಧಪಟ್ಟವರೊಂದಿಗೆ ಸಮಾಲೋಚಿಸಲಾಗುವುದು ಎಂದು ಹೇಳಲಾಗಿದೆ. ಮೀನುಗಳ ಕನಿಷ್ಠ ಗಾತ್ರವೂ ನಿಗದಿಯಾಗಲಿದೆ. ಆ ಸಮಾಲೋಚನೆಯ ಹೊತ್ತಿಗೆ ನಮ್ಮ ಸಹಕಾರ ಸಂಘಗಳು ಮತ್ತು ಪಂಚಾಯತುಗಳು ಕೇಳಬೇಕಾದ ಪ್ರಶ್ನೆಗಳನ್ನು ಹ್ಯಾಲಿಬಟ್‌ನ ಅನುಭವ ಸಿದ್ಧಪಡಿಸಿಕೊಟ್ಟಿದೆ.

ಮೊದಲನೆಯದು, ಸಹಕಾರ ಸಂಘಕ್ಕೆ ಕೊಡುವ ಆದ್ಯತೆಯಲ್ಲಿ ಸಂಘದ ಸದಸ್ಯರು ಯಾರು ಎಂಬ ಪ್ರಶ್ನೆ. ಬೋಟಿನ ಮಾಲಕರು ಮಾತ್ರವೇ, ಅಥವಾ ಬಲೆ ಎಳೆಯುವ ಕೆಲಸಗಾರರೂ ಮೀನು ಮಾರುವ ಮಹಿಳೆಯರೂ ಇದ್ದಾರೆಯೇ? ಎರಡನೆಯದು, ಸಂಘದ ಹೆಸರಿನಲ್ಲಿ ಪಡೆದ ಪರವಾನಿಗೆಯನ್ನು ಹೊರಗಿನ ಬಂಡವಾಳಗಾರನಿಗೆ ಗೇಣಿಗೆ ಕೊಡುವುದನ್ನು ತಡೆಯುವ ಸ್ಪಷ್ಟ ವಿಧಿಯಿದೆಯೇ? ಸಾಲ ಮಾಡಿ ದೊಡ್ಡ ಬೋಟು ಕೊಂಡ ಸಂಘ ಸಾಲ ತೀರಿಸಲಾಗದಿದ್ದರೆ ಆ ಬೋಟೂ ಹಕ್ಕೂ ಯಾರ ಕೈಗೆ ಹೋಗುತ್ತವೆ? ಮೂರನೆಯದು, ತಳದ ಮೀನುಗಳ ಸ್ಥಿತಿಯನ್ನು ವರ್ಷಕ್ಕೊಮ್ಮೆ ಅಳೆದು ಮೀನುಗಾರರ ಮುಂದೆ ಮಂಡಿಸುವ ಏರ್ಪಾಡು ಆಗುತ್ತದೆಯೇ? ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಗೆ ಅದಕ್ಕೆ ಬೇಕಾದ ಅರಿವು ಇದೆ. ಅರಿವು ದಕ್ಕೆಯವರೆಗೆ ಬರಬೇಕು. ಮಂಜೇಶ್ವರದಿಂದ ಕಾಸರಗೋಡು ಕಸಬಾದವರೆಗಿನ ತೀರದಲ್ಲಿ ಕನ್ನಡ ಓದಿದ ಮೀನುಗಾರರಿರುವುದರಿಂದ ನಿಯಮಗಳ ಪಠ್ಯ ಅವರಿಗೆ ಕನ್ನಡದಲ್ಲಿಯೂ ದೊರೆಯಬೇಕೆಂದು ಕೇಳುವುದು ನ್ಯಾಯವೇ ಆಗಿದೆ. ಯಾವ ಮೀನು ಹಿಡಿದರೆ ಅಪರಾಧ ಎಂಬುದನ್ನು ಓದಿ ತಿಳಿಯಲಾಗದವನಿಂದ ಪಾಲನೆಯನ್ನು ನಿರೀಕ್ಷಿಸುವುದು ಸರಿಯಲ್ಲ.

ಹೆತ್ತವರಿಗೆ ಒಂದು ಮಾತು. ಹೈಸ್ಕೂಲಿನ ಮಕ್ಕಳಿಗೆ ಸಮಾಜಶಾಸ್ತ್ರದಲ್ಲಿ ಸಂಪನ್ಮೂಲಗಳ ಪಾಠವಿದೆ, ವಿಜ್ಞಾನದಲ್ಲಿ ಜೀವವೈವಿಧ್ಯದ ಪಾಠವಿದೆ. ಮನೆಗೆ ತಂದ ನಂಗನ್ನು ಕೊಯ್ಯುವ ಮೊದಲು ಅದರ ಎರಡು ಕಣ್ಣುಗಳು ಎಲ್ಲಿವೆಯೆಂದು ಮಕ್ಕಳಿಗೆ ತೋರಿಸಿರಿ. ಭೂಪಟದಲ್ಲಿ ಅಲಾಸ್ಕಾವನ್ನು ಹುಡುಕಿಸಿರಿ. ಮನೆಯಲ್ಲಿ ಯಾರಾದರೂ ಕಡಲಿಗೆ ಹೋಗುವವರಿದ್ದರೆ ಅವರ ಹೆಸರು ಮೀನುಗಾರರ ಸಹಕಾರ ಸಂಘದ ಸದಸ್ಯರ ಪಟ್ಟಿಯಲ್ಲಿದೆಯೇ ಎಂದು ಈ ತಿಂಗಳೇ ವಿಚಾರಿಸಿರಿ. ಆಳಗಡಲ ಬೋಟುಗಳ ವಿಷಯದಲ್ಲಿ ಆದ್ಯತೆಯಿರುವುದು ಅಂತಹ ಸಂಘಗಳಿಗೆ.